ಸಾಲು ಸರಿ ಮಾಡಿದ ಮರುದಿನ

ತನುಜ ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರ್ ಹಾಕಿ ಪಟ್ಟಿಯ ಫೈಲು ಒತ್ತಿದಾಗ ಪರದೆಯ ಮೇಲೆ ಬಂದದ್ದು ಎರಡೇ ಪದ: ಪರ್ಮಿಷನ್ ಡಿನೈಡ್.

ಶಿಡ್ಲಘಟ್ಟದ ಆ ರೇಷ್ಮೆ ಬೆಳೆಗಾರರ ಸಂಘಕ್ಕೆ ಅವಳು ಬಂದದ್ದು ಟೈಪ್ ಮಾಡುವ ಕೆಲಸಕ್ಕೆ. ಓದಿದ್ದು ಬಿ.ಎ. ಕಂಪ್ಯೂಟರಿನ ಆಜ್ಞೆಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡು ಕಲಿತಳು. ಕಲಿಸಿದವನು ನರೇಂದ್ರ. ವಿಂಡೋಸಿನೊಳಗೆ ಸಿಗ್ವಿನ್ ಎಂಬ, ಲಿನಕ್ಸ್ ಥರದ ಇನ್ನೊಂದು ವ್ಯವಸ್ಥೆ ಕೂರಿಸಿ, ರೈತರಿಗೆ ದಿನವೂ ಸಂದೇಶ ಹೋಗುವಂತೆ ಮಾಡಿ ಅವನು ಗೌರಿಬಿದನೂರಿಗೆ ಕಾಲೇಜು ಮೇಷ್ಟರಾಗಿ ಹೊರಟುಹೋಗಿದ್ದ.

ತೆರೆಯದ ಫೈಲಿನಲ್ಲಿ ಅರವತ್ಮೂರು ಹುಳುಮನೆಗಳ ಪಟ್ಟಿಯಿತ್ತು. ಯಾರ ಹುಳು ಯಾವತ್ತು ಜ್ವರದಿಂದ ಏಳುತ್ತದೆ ಎಂಬುದರ ಪಟ್ಟಿ. ಇಲ್ಲಿ ಜ್ವರ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು ಅಲ್ಲಾಡದೆ ಚರ್ಮ ಕಳಚುವ ಹೊತ್ತು. ಎದ್ದ ಹುಳುವಿಗೆ ಮೊದಲು ಔಷಧದ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಹಾಕಬೇಕು. ಏಳುವುದು ಯಾರ ಕಣ್ಣಿಗೂ ಕಾಣುತ್ತದೆ, ಪುಡಿ ಮಾತ್ರ ಮರೆತುಹೋಗುತ್ತದೆ. ಹಿಂದಿನ ವರ್ಷ ಮರೆತವರಲ್ಲಿ ಒಂಬತ್ತು ಮನೆಯ ಹುಳು ಮೆತ್ತಗಾಗಿ ಬೆಳೆ ರೋಗಕ್ಕೆ ಹೋಗಿತ್ತು. ಅದಕ್ಕೇ ಹತ್ತು ಗಂಟೆಯ ಸಂದೇಶ, ಅದು ಹೋಗುವುದು ಈ ಪಟ್ಟಿ ನೋಡಿಯೇ. ಹನ್ನೊಂದಕ್ಕೆ ಸೊಪ್ಪು ಬೀಳುತ್ತದೆ.

“ಸರ್, ನಿನ್ನೆ ಇದನ್ನ ಯಾರಾದ್ರೂ ಮುಟ್ಟಿದ್ರಾ?”

ಕಾರ್ಯದರ್ಶಿ ಚನ್ನಕೇಶವ ಕುರ್ಚಿಗಳನ್ನು ಗೋಡೆಗೆ ಸಮನಾಗಿ ಜೋಡಿಸುತ್ತಿದ್ದರು. ದಿನಾ ಬೆಳಿಗ್ಗೆ ಅವರಿಗೆ ಅದೇ ಮೊದಲ ಕೆಲಸ.

“ನಾನೇ ಕಣಮ್ಮ. ಹೊಸ ಹುಡುಗಿ ಹರಿತಾಗೂ ಪಟ್ಟಿ ಕಾಣ್ಲಿ ಅಂತ ಒಳಗೆ ಹೋದೆ. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು ಅನ್ನೋ ಪರ್ಮಿಷನ್‌ಗಳ ಸಾಲು ತಪ್ಪಿದೆ, ಸರಿ ಮಾಡ್ಲಾ ಅಂತ ಕಂಪ್ಯೂಟರೇ ಕೇಳ್ತು. ಮಾಡಪ್ಪ ಅಂದೆ.”

ತನುಜ ನೋಟ್‌ಬುಕ್ ತೆಗೆದು, ಎಲ್ಲರಿಗೂ ಎಲ್ಲವನ್ನೂ ಬಿಡು ಎನ್ನುವ ಆಜ್ಞೆ ಕೊಟ್ಟಳು. ಅದಕ್ಕೂ ಒಪ್ಪಲಿಲ್ಲ. ನರೇಂದ್ರನ ಫೋನ್ ಆಫ್, ಪಾಠದಲ್ಲಿರಬೇಕು.

“ಅಕ್ಕ, ಎಲ್ರಿಗೂ ಪುಡಿ ಹಾಕಿ ಅಂದ್ಬಿಡಣ?” ಎಂದಳು ಹರಿತಾ.

“ಜ್ವರದಲ್ಲಿ ಮಲಗಿರೋ ಹುಳಕ್ಕೂ ಹಾಕ್ಬಿಟ್ರೆ? ಅದಿರ್ಲಿ, ನಂಬರ್‌ಗಳು ಎಲ್ಲವ್ವೆ ಹೇಳು? ಅದರೊಳಗೇ!”

ಆ ದಿನ ಏಳುವ ಮನೆಗಳು ಎಂಟು. ಹಿಂದಿನ ದಿನ ಪಟ್ಟಿಯ ಮೇಲೆ ಕಣ್ಣಾಡಿಸಿದ್ದು ನೆನಪಿಗೆ ತಂದುಕೊಂಡು, ತನ್ನ ಮೊಬೈಲಿನಲ್ಲಿ ಹುಡುಕಿ ಆರು ಮನೆಗೆ ಫೋನ್ ಮಾಡಿದಳು. ಉಳಿದೆರಡು ಹೆಸರು ಎಷ್ಟು ತಿಣುಕಿದರೂ ಬರಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ನರೇಂದ್ರ ಸಿಕ್ಕಿದ.

“ಸಿಗ್ವಿನ್ ಬರೆಯೋ ಸಾಲು ವಿಂಡೋಸ್ ಕಣ್ಣಿಗೆ ಸೊಟ್ಟ ಅಕ್ಕ. ಸರಿ ಮಾಡು ಅಂದ್ರೆ ‘ಬಿಡಬೇಡ’ ಅನ್ನೋವನ್ನೆಲ್ಲ ಮುಂದಕ್ಕೆ ತರುತ್ತೆ. ಬಾಗಿಲಲ್ಲೇ ಬೇಡ ಅಂದ್ಮೇಲೆ ಒಳಗಿನ ‘ಬಿಡು’ ಯಾರು ಕೇಳ್ತಾರೆ? ಮೇಲಾಗಿ ಫೈಲಿಗೆ ಯಜಮಾನ ಇನ್ನೂ ನಾನೇ. ಅಡ್ಮಿನಿಸ್ಟ್ರೇಟರ್ ಆಗಿ ವಿಂಡೋಸ್ ಕಡೆಯಿಂದ ಹೋಗಿ. ಮೊದಲು ಟೇಕ್‌ಓನ್ ಕೊಟ್ಟು ಒಡೆತನ ತಗೊಳ್ಳಿ, ಆಮೇಲೆ ಐಕ್ಯಾಕಲ್ಸ್ ರೀಸೆಟ್ ಕೊಟ್ಟು ಹಳೇ ಸಾಲನ್ನೆಲ್ಲ ಅಳಿಸಿ. ಹಿಂದುಮುಂದು ಮಾಡ್ಬೇಡಿ.”

“ಪುಡಿ, ಆಮೇಲೆ ಸೊಪ್ಪು,” ಎಂದಳು ತನುಜ. ಅವನು ನಕ್ಕ. ಅವಳು ನಗಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಪಟ್ಟಿ ತೆರೆಯಿತು. ಹೆಸರು ನೆನಪಾಗದಿದ್ದ ಇಬ್ಬರಿಗೂ ಫೋನ್ ಮಾಡಿದಳು. ವೆಂಕಟರತ್ನಮ್ಮ ಇನ್ನೂ ಸೊಪ್ಪು ಕುಯ್ಯುತ್ತಿದ್ದರು, ಪುಡಿಗೆ ಹೊತ್ತಿತ್ತು. ಇನ್ನೊಬ್ಬಳು ಮುರುಗಮಲ್ಲದ ಹತ್ತಿರದ ಮಂಗಮ್ಮ.

“ಅಯ್ಯೋ ತಾಯಿ, ಈಗ ತಾನೆ ಸೊಪ್ಪು ಹಾಕಿ ಕೈ ತೊಳ್ಕಂಡೆ. ಪುಡಿ ನೆನಪಿತ್ತು ಕಣಮ್ಮ. ನಿನ್ನ ಮೆಸೇಜು ಬರ್ಲಿಲ್ವಲ್ಲ, ಈ ಸಲ ಬೇಡವೇನೋ ಅಂದ್ಕಂಡೆ.”

ತನುಜಳಿಗೆ ಹೊಳೆಯಿತು: ಸಂದೇಶ ಎಂಬುದೇ ಇಲ್ಲದಿದ್ದರೆ ಮಂಗಮ್ಮ ಪುಡಿ ಹಾಕಿರುತ್ತಿದ್ದಳು.

“ಸಂಜೆ ಸೊಪ್ಪಿಗೆ ಮೊದ್ಲು ತಪ್ಪದೆ ಹಾಕ್ರಿ,” ಎಂದಷ್ಟೇ ಹೇಳಿದಳು.

ಅವಳು ಅರವತ್ಮೂರು ಹೆಸರು, ನಂಬರುಗಳನ್ನು ಪ್ರಿಂಟ್ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದಳು. ಹಾಳೆ ಸೊಟ್ಟಗೆ ನೇತಾಡಿತು. ಸರಿ ಮಾಡಲು ಕೈ ಎತ್ತಿದ ಚನ್ನಕೇಶವ ಅವಳ ಮುಖ ನೋಡಿ ಕೈ ಇಳಿಸಿದರು.

ಮಂಗಮ್ಮನ ಹುಳು ಎದ್ದದ್ದು ನಾಲ್ಕನೇ, ಕೊನೆಯ ಜ್ವರದಿಂದ; ಗೂಡಿಗೆ ಹೋಗಲು ಎಂಟು ದಿನ ಬೇಕು. ಮರುದಿನ ಒಂಬತ್ತಕ್ಕೆ ತನುಜ ಕಂಪ್ಯೂಟರಿಗಿಂತ ಮೊದಲು ಫೋನ್ ಹಿಡಿದಳು.

“ಹುಳ ಹೇಗವೆ ಮಂಗಮ್ಮಾ?”

“ತಿಂತವೆ ತಾಯಿ. ಮೂಲೆ ತಟ್ಟೆಲೊಂದಷ್ಟು ಮೆತ್ತಗವೆ. ನೋಡಣ.”