ಲಾಡಿ ಕಟ್ಟುವ ಜಾಗ

ಗುಬ್ಬಿ, ಕುಣಿಗಲ್ ಸಂತೆಗಳಲ್ಲಿ ಸೀರೆಯೊಳಗೆ ಉಡುವ ಲಂಗ ಮಾರಿಯೇ ನಾನು ಬಟವಾಡಿಯಲ್ಲಿ ಸ್ವಂತ ಅಂಗಡಿ ಮಾಡಿದವಳು. ದಿನವೂ ಲಂಗದ ಲಾಡಿಯನ್ನು ಬಲಸೊಂಟದ ಮೇಲೆ ಉಸಿರು ಹಿಡಿದು ಬಿಗಿಯುತ್ತಿದ್ದೆ. ದುಡ್ಡಿನ ಚೀಲ ಅಲ್ಲೇ ಸಿಕ್ಕಿಸಬೇಕಲ್ಲ. ಸಡಿಲ ಬಿಟ್ಟರೆ ಸಂತೆಯಲ್ಲಿ ಚೀಲವೂ ಹೋದೀತು, ಮಾನವೂ ಹೋದೀತು.

ಅಲ್ಲಿ ಚರ್ಮ ಕಪ್ಪಾಗಿ ಎಷ್ಟೋ ವರ್ಷವಾಗಿತ್ತು. ಹೋದ ಬೇಸಿಗೆಯಲ್ಲಿ ಗಂಟಿನ ಅಡಿ ಹುಣ್ಣಾಯಿತು. ಅರಿಸಿನ ಹಚ್ಚಿ, ಬಟ್ಟೆ ಮಡಿಸಿಟ್ಟು, ಅದು ಜಾರದಿರಲೆಂದು ಲಾಡಿಯನ್ನು ಇನ್ನೂ ಬಿಗಿದೆ. ಮಳೆಗಾಲ ಮುಗಿದರೂ ಮಾಯಲಿಲ್ಲ.

ಹುತ್ರಿದುರ್ಗದಿಂದ ಬಂದಿದ್ದ ಅಕ್ಕ ಕಂಡು ಗದರಿದಳು. "ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ ಸೊಂಟ ನೋಡ್ಕಳಕ್ಕಾಗಲ್ವೇನೇ? ನಡಿ ಡಾಕ್ಟ್ರತ್ರ."

ಚರ್ಮದ ಡಾಕ್ಟರಮ್ಮ ಲೈಟು ಹತ್ತಿರಕ್ಕೆಳೆದು ಹುಣ್ಣು ನೋಡಿದರು. ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಯಲು ಹುಣ್ಣಿನ ಅಂಚಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕೆಂದರು.

"ಅದು ಬಿಸಿಲಿಗಲ್ವಾ ಮೇಡಂ ಬರೋದು? ಇದು ಬಿಸಿಲೇ ಕಾಣದ ಜಾಗ," ಎಂದು ಚೌಕಾಸಿಗಿಳಿದೆ.

"ಬಿಸಿಲೂ ಒಂದು ಕಾರಣ ಅಮ್ಮ. ಒಂದೇ ಕಡೆ ವರ್ಷಗಟ್ಲೆ ಉಜ್ಜಿ, ಬೆವರಲ್ಲಿ ನೆನೆದು, ಮಾಯದೇ ಉಳಿದ ಹುಣ್ಣೂ ಅಪರೂಪಕ್ಕೆ ಹಾಗಾಗುತ್ತೆ."

ರಿಪೋರ್ಟ್ ಬರುವವರೆಗೆ ನೈಟಿ ತೊಟ್ಟು, ಮೇಲೊಂದು ವೇಲು ಹೊದ್ದು ಅಂಗಡಿಯಲ್ಲಿ ಕೂತೆ. ಯಾರೋ ಕೇಳಿದ ರೇಟಿಗೇ ಲಂಗ ಕೊಟ್ಟುಬಿಟ್ಟೆ. "ನಿಂಗೆ ನಿಜವಾಗ್ಲೂ ಹುಷಾರಿಲ್ಲ ಕಣೇ," ಎಂದಳು ಅಕ್ಕ.

ಕ್ಯಾನ್ಸರ್ ಇರಲಿಲ್ಲ. ಕೇಳಿದೊಡನೆ ನನಗೆ ಮತ್ತೆ ಬಾಯಿ ಬಂತು. "ಇನ್ಮೇಲೆ ಎಡಗಡೆ ಕಟ್ತೀನಿ ಬಿಡಿ."

"ಎಡಗಡೆನೂ ನಿಮ್ದೇ ಸೊಂಟ ಅಲ್ವಾ?" ಡಾಕ್ಟರಮ್ಮ ನಕ್ಕರು. "ಅಗಲ ಪಟ್ಟಿ ಹಾಕ್ಸಿ, ಸಡಿಲ ಕಟ್ಟಿ. ಮತ್ತೆ ಹುಣ್ಣಾದ್ರೆ ಕಾಯ್ಬೇಡಿ."

ಆ ಖುಷಿಯಲ್ಲೇ, ಅದೇ ಫೀಸಿಗೆ ಅಕ್ಕನ ಸೊಂಟವನ್ನೂ ನೋಡಿ ಎಂದೆ. ನೋಡಿದರು. ಬರೀ ಕಪ್ಪು, ಹುಣ್ಣಿಲ್ಲ.

ನನ್ನದು ನಿಧಾನವಾಗಿ ಮಾಯಿತು. ಈಗ ಸತ್ಯಮಂಗಲದಲ್ಲಿ ಹೊಲಿಸಿದ ಅಗಲ ಪಟ್ಟಿಯ ಲಂಗವನ್ನೇ ಮಾರುತ್ತೇನೆ. ಕೊಳ್ಳದಿದ್ದರೂ ಸರಿ, ಸ್ನಾನ ಮಾಡುವಾಗ ಸೊಂಟ ಮುಟ್ಟಿ ನೋಡಿಕೊಳ್ಳಿ, ಮಾಯದ ಹುಣ್ಣಿದ್ದರೆ ಅರಿಸಿನ ನಂಬಿ ಕೂರಬೇಡಿ ಎಂದು ಹೇಳಿಯೇ ಕಳಿಸುತ್ತೇನೆ.

ಮೊನ್ನೆ ಕುಣಿಗಲ್‌ನಲ್ಲಿ ಒಬ್ಬಾಕೆ, "ಡಾಕ್ಟ್ರು ಮಾತೆಲ್ಲ ಆಮೇಲೆ, ಬುಡಕ್ಕ. ಲಂಗಕ್ಕೆ ಕೊನೇ ರೇಟು ಹೇಳು," ಎಂದಳು. ಬಾಯಿ ಚೌಕಾಸಿ ಮಾಡುತ್ತಿದ್ದರೂ ಅವಳ ಕೈ ಮೆಲ್ಲಗೆ ಸೆರಗಿನಡಿ ಸೊಂಟಕ್ಕೆ ಹೋಗಿತ್ತು.