ಕಂಪ್ಯೂಟರಿನಲ್ಲಿ ಮಾತ್ರ ಎಳೆದ ಪರದೆ

ಇಪ್ಪತ್ತು ವರ್ಷ ಕಟ್ಟಡಗಳ ನಕ್ಷೆ ಬರೆದವನಿಗೆ ಕಚೇರಿಯವರು ಹೊಸ ವಿದ್ಯೆ ಕಲಿಯಲು ಹೇಳಿದರು. ಕಟ್ಟಡವೊಂದು ಎಷ್ಟು ವಿದ್ಯುತ್ ನುಂಗುತ್ತದೆಂದು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆ ಅದು. ಬಾರದಿದ್ದರೆ ಕೆಲಸ ಹೋಗುತ್ತಿತ್ತು. ಅವನು ಮನಸ್ಸಿಟ್ಟು ಕಲಿತ. ಗೋಡೆಯ ದಪ್ಪ, ಬಿಸಿಲಿನ ಕೋನ, ಜನ ಬಂದುಹೋಗುವ ವೇಳೆ ಎಲ್ಲವನ್ನೂ ತುಂಬಿ ಮೊದಲ ಕಟ್ಟಡವನ್ನು ಪರೀಕ್ಷಿಸಿದ. ಪಶ್ಚಿಮಕ್ಕೆ ಪೂರ್ತಿ ಗಾಜು ಹೊದ್ದ ಆ ಕಚೇರಿ ಕಟ್ಟಡ, ಸಂಜೆ ಬಿಸಿಲಿನ ಸೆಕೆಗೆ ಎ.ಸಿ. ನುಂಗುವ ವಿದ್ಯುತ್ ಮಿತಿ ಮೀರಿ, ನಪಾಸಾಯಿತು.

"ಗಾಜು ಕಡಿಮೆ ಮಾಡ್ಬೇಕು ಸರ್," ಎಂದ.

ಕಚೇರಿಯ ಹಿರಿಯ ವಾಸ್ತುಶಿಲ್ಪಿ ತಲೆ ಎತ್ತಲಿಲ್ಲ. "ಗಾಜಿನ ತಂಟೆಗೆ ಹೋಗ್ಬೇಡಪ್ಪ. ನಿನ್ನ ಕಂಪ್ಯೂಟರ್ ಲೆಕ್ಕದಲ್ಲಿ ಕಿಟಕಿಗೆ ಪರದೆ ಹಾಕೋಕೆ ಬರುತ್ತಲ್ಲ, ಬೆಳಗ್ಗಿಂದ ಸಂಜೆವರೆಗೂ ಎಳೆದಿಡು, ಬಿಸಿಲು ಲೆಕ್ಕಕ್ಕೇ ಬರಲ್ಲ."

"ಹೊರಗಿನ ನೋಟ ಬೇಕು ಅಂತಾನೇ ಗಾಜು ಹಾಕಿಸ್ತಿರೋದು. ಪರದೆ ಯಾರು ಎಳೀತಾರೆ ಸರ್?"

"ಯಾರೂ ಎಳೆಯಲ್ಲ. ನೀನು ಎಳಿ. ಇಲ್ಲಾಂದ್ರೆ ಎಳೆಯೋರು ಬೇರೆ ಸಿಗ್ತಾರೆ."

ಎಳೆದ. ಹಸಿರು ಕಟ್ಟಡವೆಂಬ ಪ್ರಮಾಣಪತ್ರ ಬಂತು. ಅದರ ಬೆನ್ನಿಗೇ, ಪ್ರತಿ ಮೇಜಿನಿಂದಲೂ ಸೂರ್ಯಾಸ್ತ ಕಾಣುತ್ತದೆಂಬ ಜಾಹೀರಾತೂ ಬಂತು.

"ಎರಡರಲ್ಲಿ ಯಾವ್ದು ಸುಳ್ಳು ರೀ?" ಎಂದು ಪರದೆಯ ವಿಷಯ ತಿಳಿದಿದ್ದ ಹೆಂಡತಿ ಕೇಳಿದಳು.

"ಕೆಲಸ ಉಳೀತು, ಸುಮ್ನಿರೇ," ಎಂದ.

ಈಗ ಹೊಸಬರಿಗೆ ಈ ವಿದ್ಯೆ ಕಲಿಸುವವನೂ ಅವನೇ. ಚೆನ್ನಾಗಿಯೇ ಕಲಿಸುತ್ತಾನೆ. ಅವನ ಶಿಷ್ಯರ ಕೈಯಲ್ಲಿ ಈವರೆಗೆ ಒಂದು ಕಟ್ಟಡವೂ ನಪಾಸಾಗಿಲ್ಲ.