ಫೋನಿನಲ್ಲಿ ಇಳಿಸಿದ ಚೇಳಿನ ವಿಷ

ನಿಮ್ಮ ಅಜ್ಜನಿಗೆ ಚೇಳಿನ ಮಂತ್ರ ಬರುತ್ತಿತ್ತು. ಶಿಕಾರಿಪುರದ ಕಡೆಯ ಕಲ್ಲುಗುಡ್ಡಗಳಲ್ಲಿ ಬೇಸಿಗೆ ಬಂತೆಂದರೆ ಯಾವ ಕಲ್ಲು ಎತ್ತಿದರೂ ಅಡಿಯಲ್ಲಿ ಒಂದು ಕೆಂಪು ಚೇಳು ಬಾಲ ಎತ್ತಿಕೊಂಡು ಕೂತಿರುತ್ತಿತ್ತು. ಕಡಿಸಿಕೊಂಡವರು ನಮ್ಮ ಮನೆಗೆ ಓಡಿ ಬರುತ್ತಿದ್ದರು. ಮೊಬೈಲ್ ಬಂದ ಮೇಲೆ ಆ ಓಟವೂ ತಪ್ಪಿತು. ಅಜ್ಜ ಫೋನಿನಲ್ಲೇ ಮಂತ್ರ ಹಾಕುತ್ತಿದ್ದರು, ಅತ್ತ ಕಡಿಸಿಕೊಂಡವರು ಫೋನನ್ನು ಕಡಿದ ಜಾಗಕ್ಕೆ ಹಿಡಿದುಕೊಳ್ಳುತ್ತಿದ್ದರು. ಆದರೆ ಒಂದು ಕಟ್ಟುಪಾಡು. ಮಂತ್ರ ಇನ್ನೊಬ್ಬರ ಕಿವಿಗೆ ಬಿದ್ದರೆ ಅದರ ಶಕ್ತಿ ಹೋಗುತ್ತದೆ. ಅದಕ್ಕೇ ಅಜ್ಜ ಹಿತ್ತಿಲಿಗೆ ಹೋಗಿ ತುಟಿಯೊಳಗೆ ಹೇಳುತ್ತಿದ್ದರು. ಅದು ನನ್ನ ಕಿವಿಗೂ ಬೀಳದಿರಲಿ ಎಂದು ನಾನು ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಫೋನ್ ಮರೆತು ಅಂಜನಾಪುರಕ್ಕೆ ಹೋಗಿದ್ದರು. ಅದು ಬಡಕೊಳ್ಳತೊಡಗಿತು. ಪರಗಂಡಸರ ಜೊತೆ ಮಾತಾಡಲು ನನಗೆ ಮೊದಲಿಂದಲೂ ನಾಚಿಕೆ. ಆದರೂ ಎತ್ತಿದೆ. ಸೊರಬದ ಕಡೆಯ ಒಬ್ಬ ರೈತ. ಬದುವಿನ ಕಲ್ಲು ಎತ್ತುವಾಗ ಬೆರಳಿಗೆ ಕಡಿಯಿತಂತೆ. ಯಜಮಾನರಿಲ್ಲ, ಮೊದಲು ಆಸ್ಪತ್ರೆಗೆ ಹೋಗಿ ಎಂದೆ.

"ಆಟೋ ಹತ್ತೀನಿ ಅಮ್ಮಾರೆ. ಅಲ್ಲಿಗೆ ಮುಟ್ಟೋವರೆಗೆ ನೀವೇ ಒಂಚೂರು ಹಾಕ್ರೀ. ಇಷ್ಟು ವರ್ಷ ಅವ್ರ ಜೊತೆ ಬಾಳ್ವೆ ಮಾಡೀರಿ, ಬರಲ್ಲ ಅಂದ್ರೆ ಯಾರು ನಂಬ್ತಾರೆ?"

ನರಳುವವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನನಗೆ ಬಾಯಿಪಾಠ ಇದ್ದದ್ದು ಊರಿನ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದು ಮಾತ್ರ. ತುಟಿಯೊಳಗೇ ಹದಿನೇಳರ ಮಗ್ಗಿ ಶುರು ಮಾಡಿದೆ. ಮುಗಿದ ಮೇಲೆ ಮೂರು ಸಲ ಊದಿಯೂ ಬಿಟ್ಟೆ.

ಎರಡು ದಿನ ಬಿಟ್ಟು ಆತ ಮನೆಗೇ ಬಂದ. ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ಇಂಜೆಕ್ಷನ್ನಿನ ಸುದ್ದಿಯನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ. ಅಮ್ಮನವರ ಮಂತ್ರ ನಿಮ್ಮದಕ್ಕಿಂತ ಜೋರು ಎಂದು ಅಜ್ಜನ ಮುಂದೆಯೇ ಹೊಗಳಿ ಹೋದ. ಅಜ್ಜ ಊಟಕ್ಕೆ ಏಳಲಿಲ್ಲ. ಅದು ಅವರ ಅಪ್ಪ ಕೊಟ್ಟ ಮಂತ್ರ. ನಾನು ಕದ್ದು ಕೇಳಿಸಿಕೊಂಡು ಅದನ್ನು ಕೆಡಿಸಿದೆ ಎಂದು ಅವರ ಎಣಿಕೆ.

"ಸತ್ಯ ಹೇಳು. ಯಾವಾಗ ಕೇಳಿಸ್ಕೊಂಡೆ?"

ನಾನು ಗೋಡೆ ನೋಡುತ್ತ ಹೇಳಿದೆ, "ಅದು ಮಗ್ಗಿ ರೀ. ಹದಿನೇಳರದ್ದು."

"ಎಲ್ಲಿ, ಪೂರ್ತಿ ಹೇಳು ನೋಡೋಣ."

ಹೇಳಿದೆ. ಅವರು ಪ್ರತಿ ಸಾಲಿಗೂ ಕಿವಿ ನಿಮಿರಿಸಿ ಕೂತಿದ್ದರು. ಹದಿನೇಳೆಂಟ್ಲಿ ನೂರಾ ಮೂವತ್ತಾರು ಎನ್ನುವ ಹೊತ್ತಿಗೆ ಮುಖ ಅರಳಿತು. ಅವರ ಮಂತ್ರದ ಒಂದು ಅಕ್ಷರವೂ ಅದರಲ್ಲಿರಲಿಲ್ಲ.

"ಸದ್ಯ, ನಮ್ಮಪ್ಪಂದು ಉಳೀತು" ಎಂದು ಎದ್ದು ಕೈ ತೊಳೆದುಕೊಂಡರು.

ಹಾಗಾದರೆ ಮಗ್ಗಿಗೆ ಚೇಳಿನ ವಿಷ ಹೇಗೆ ಇಳಿಯಿತು ಎಂದು ಅವರು ಕೇಳಲೇ ಇಲ್ಲ. ನಾನೂ ಆ ಮಾತು ತೆಗೆಯದೆ ಇನ್ನೊಂದು ರೊಟ್ಟಿ ಬಡಿಸಿದೆ.